‘ಅದೇ’ ಎನ್ನುವ ಅಣ್ಣನೂ ಅಡಗಿದ್ದ ವಿಮಾನವೂ

ಜೂನ್ 3, ಮಂಗಳವಾರ

ಅಣ್ಣನನ್ನು ಇವತ್ತು ಆಸ್ಪತ್ರೆಯಿಂದ ಕರೆತಂದರು. ನಮ್ಮ ರಸ್ತೆಯನ್ನು ಈ ವರ್ಷ ಮತ್ತೆ ಅಗೆದಿರುವುದರಿಂದ ಆಂಬ್ಯುಲೆನ್ಸ್ ಅರಳಿಕಟ್ಟೆಯ ಹತ್ತಿರವೇ ನಿಂತಿತು. ಅಲ್ಲಿಂದ ನಾಲ್ವರು ಅವನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಉತ್ಸವಮೂರ್ತಿಯ ಹಾಗೆ ಹೊತ್ತು ತಂದರು. ಜೆ.ಪಿ. ನಗರದ ನಡುವೆ ಸಿಕ್ಕಿಕೊಂಡಿರುವ ಈ ಹಳೇ ಊರಿನಲ್ಲಿ ಅರ್ಧ ಬೀದಿಯ ಬಾಡಿಗೆ ತಿನ್ನುವ ನಮ್ಮಣ್ಣ ಚಿಕ್ಕಬೈರಪ್ಪನವರ ಮೆರವಣಿಗೆ ಹೀಗೆ ನಡೆಯಿತು.

ಸ್ಟ್ರೋಕ್. ಬಲಗೈ, ಬಲಗಾಲು ಸೋತಿವೆ. ಮಾತು ಹೋಗಿದೆ. ಪೂರ್ತಿ ಹೋಗಿಲ್ಲ, ಒಂದು ಮಾತು ಉಳಿದಿದೆ: ‘ಅದೇ.’ ಕಾಫಿ ಬೇಕಾ ಅಂದರೆ ಅದೇ. ನೋವಿದೆಯಾ ಅಂದರೆ ಅದೇ. ಅತ್ತಿಗೆ ನಾರಾಯಣಮ್ಮ ಕಣ್ಣಲ್ಲಿ ನೀರು ತುಂಬಿಕೊಂಡು ‘ನಾನ್ಯಾರು ಹೇಳಿ’ ಎಂದು ಕೇಳಿದಾಗಲೂ ಅದೇ.

ನಾನು ಬಾಗಿಲಲ್ಲಿ ನಿಂತು ನೋಡಿ ಮೇಲಿನ ನನ್ನ ಮನೆಗೆ ಬಂದೆ. ಅಣ್ಣನಿಗೂ ನನಗೂ ಹನ್ನೊಂದು ವರ್ಷದಿಂದ ಮಾತಿಲ್ಲ. ವ್ಯವಹಾರವೆಲ್ಲ ಅತ್ತಿಗೆಯ ಮೂಲಕ. ಮೋಟಾರ್ ಆಫ್ ಮಾಡಬೇಕಾದರೂ ಅವಳು ಮೆಟ್ಟಿಲು ಹತ್ತಿ ಇಳಿದು ರಾಯಭಾರ ನಡೆಸಬೇಕು.

ಕಾರಣ ಇಷ್ಟೇ. ಅಂಜನಾಪುರದ ಕಡೆ ನಮಗಿದ್ದ ಜಮೀನನ್ನೆಲ್ಲ ಅವನು ಒಂದೊಂದಾಗಿ ಮಾರಿದ. ಕೆರೆಯ ಕೆಳಗಿನ ತೂಬಿನ ಗದ್ದೆ ಒಂದನ್ನಾದರೂ ಉಳಿಸು ಎಂದು ಕೇಳಿಕೊಂಡಿದ್ದೆ. ತಲೆಯಾಡಿಸಿದ್ದ. ಅದೂ ಮಾರಾಟವಾಯಿತೆಂದು ನನಗೆ ತಿಳಿಸಿದ್ದು ಬನಶಂಕರಿ ಬಸ್ ಸ್ಟ್ಯಾಂಡಿನ ಎದುರಿನ ಹೋರ್ಡಿಂಗು: ಈಜುಕೊಳದಲ್ಲಿ ನಗುವ ಮಗು, ಪಕ್ಕದಲ್ಲಿ ‘ಕೆರೆ ಕಾಣುವ ಐಷಾರಾಮಿ ಮನೆಗಳು’. ಕೆರೆಯ ಅರ್ಧ ಮುಚ್ಚಿ, ಉಳಿದರ್ಧ ಕಾಣುವುದಕ್ಕೆ ಬೆಲೆ ಕಟ್ಟುವ ಜನ. ಅವತ್ತು ಬಸ್ ಹತ್ತುವುದನ್ನೇ ಮರೆತು ನಿಂತಿದ್ದೆ.

ಜೂನ್ 5, ಗುರುವಾರ

ತಡೆಯಲಾಗಲಿಲ್ಲ. ಅತ್ತಿಗೆ ಔಷಧಿ ಅಂಗಡಿಗೆ ಹೋದಾಗ ಕೆಳಗೆ ಹೋದೆ. ಅಣ್ಣ ಕಿಟಕಿಯ ಪಕ್ಕ ಕುಳಿತಿದ್ದ. ಇಷ್ಟು ವರ್ಷ ತಿದ್ದಿ ತೀಡಿ ಇಟ್ಟುಕೊಂಡಿದ್ದ ಮಾತನ್ನು ಹೇಳಿಯೇಬಿಟ್ಟೆ.

“ತೂಬಿನ ಗದ್ದೆ ಮಾರಿದ್ದು ತಪ್ಪು.”

“ಅದೇ,” ಅಂದ.

“ನನಗೆ ಒಂದು ಮಾತು ಹೇಳ್ಲಿಲ್ಲ.”

“ಅದೇ, ಅದೇ.”

ಒಂದು ಕ್ಷಣ ಗೆದ್ದೆ ಅನ್ನಿಸಿತು. ಆಮೇಲೆ ಸುಮ್ಮನೆ ಪರೀಕ್ಷೆಗೆಂದು, ಕಾಗೆ ಬೆಳ್ಳಗಿರುತ್ತದೆ ಅಂದೆ. ಅದಕ್ಕೂ ಅದೇ.

ನಾನು ಹೈಸ್ಕೂಲಿನಲ್ಲಿ ಜೀವಮಾನವಿಡೀ ಇತಿಹಾಸ ಹೇಳಿದವಳು. ಸೋತವನಿಗೆ ಸೋತದ್ದು ಗೊತ್ತಿಲ್ಲದ ಗೆಲುವನ್ನು ಯಾವ ಪಠ್ಯಪುಸ್ತಕವೂ ಗೆಲುವೆಂದು ಬರೆದಿಲ್ಲ. ಈ ಮನುಷ್ಯನಿಗೆ ಮಾತು ಬರಬೇಕು. ಪ್ರೀತಿ ಉಕ್ಕಿ ಹೀಗೆ ಬರೆಯುತ್ತಿಲ್ಲ. ಜಗಳ ಬಾಕಿ ಇದೆ, ಅಷ್ಟೇ.

ಜೂನ್ 12, ಗುರುವಾರ

ಮಾತು ಕಲಿಸಲು ಚೈತ್ರ ಎಂಬ ಹುಡುಗಿ ಬರುತ್ತಿದ್ದಾಳೆ. ಒಳ್ಳೆಯವಳು, ತಾಳ್ಮೆ ಇದೆ. ಅವಳ ಚೀಲದಲ್ಲಿರುವ ಚಿತ್ರದ ಕಾರ್ಡುಗಳಿಗೆ ಮಾತ್ರ ಬುದ್ಧಿ ಇಲ್ಲ. ಸೇಬು. ಛತ್ರಿ. ಕೊನೆಗೆ ಹಿಮದ ಗೂಡು, ಅದರ ಹೆಸರು ಇಗ್ಲೂ ಅಂತೆ. ಕನಕಪುರ ರಸ್ತೆಯಲ್ಲಿ ಎತ್ತಿನ ಗಾಡಿ ಹೊಡೆದವನು ಇಗ್ಲೂ ಅಂದ ದಿನ ಗುಣವಾದ ಎಂದು ಲೆಕ್ಕ.

ಅಣ್ಣ ಎಲ್ಲದಕ್ಕೂ ಅದೇ ಅಂದ. ಇಗ್ಲೂ ಬಂದಾಗ ಮುಖ ಗೋಡೆಗೆ ತಿರುಗಿಸಿದ.

ಹೋಗುವಾಗ ಚೈತ್ರ ಮೆಟ್ಟಿಲ ಹತ್ತಿರ ನನ್ನನ್ನು ನಿಲ್ಲಿಸಿ ಹೇಳಿದಳು: “ಮೊದಲ ಕೆಲವು ತಿಂಗಳೇ ಮುಖ್ಯ ಆಂಟಿ. ಈಗ ಬರ್ಲಿಲ್ಲ ಅಂದ್ರೆ ಆಮೇಲೆ ಕಷ್ಟ. ಅಂಕಲ್ ಪ್ರಯತ್ನಾನೇ ಮಾಡ್ತಿಲ್ಲ.”

ಅತ್ತಿಗೆಗೆ ಇದನ್ನು ಹೇಳಲಿಲ್ಲ. ಅವಳು ಈಗಾಗಲೇ ಬನಶಂಕರಿ ಅಮ್ಮನಿಗೆ ನಿಂಬೆಹಣ್ಣಿನ ದೀಪ ಹಚ್ಚುವ ಹರಕೆ ಹೊತ್ತಿದ್ದಾಳೆ. ಒಂದೇ ಕಾಯಿಲೆಗೆ ಇಬ್ಬರು ವೈದ್ಯರು ಸಾಕು.

ಜೂನ್ 17, ಮಂಗಳವಾರ

ಮನೆಯಿಂದ ಹೊರಗೆ ಕಾಲಿಡಲಾಗದ ಮನುಷ್ಯನಿಗೆ ಅವನ ಬೀದಿಯನ್ನಾದರೂ ತೋರಿಸೋಣ ಎಂದು ಅತ್ತಿಗೆಗೆ ಹೊಳೆದಿದೆ. ಎರಡನೇ ಮಹಡಿಯ ಬಾಡಿಗೆಯವನು ಮೌನೇಶ, ಯಾದಗಿರಿ ಕಡೆಯವನು, ಬಿಟಿಎಂನ ಯಾವುದೋ ಆಫೀಸಿನಲ್ಲಿ ಕೆಲಸ. ಅವನನ್ನು ಕರೆದು, ನನ್ನ ಹಳೇ ಕಂಪ್ಯೂಟರನ್ನು ಕೆಳಗಿಳಿಸಿ, ಭೂಮಿಯನ್ನೆಲ್ಲ ಮೇಲಿನಿಂದ ತೋರಿಸುವ ನಕ್ಷೆಯ ಸಾಫ್ಟ್‌ವೇರ್ ಹಾಕಿಸಿದಳು. ನನ್ನ ಕಂಪ್ಯೂಟರು. ನನ್ನನ್ನು ಕೇಳಲಿಲ್ಲ. ಈ ಮನೆತನದ ಪದ್ಧತಿ.

ಮೌನೇಶ ನಮ್ಮ ತಾರಸಿ ತೋರಿಸಿದ. ಅಣ್ಣ ಆಕಳಿಸಿದ. ಆಗ ಮೌನೇಶ ನನ್ನ ಕಡೆ ತಿರುಗಿ, “ಇದರಾಗ ಒಂದ್ ವಿಮಾನ ಅಡಗ್ಯಾದ ನೋಡ್ರಿ ಮೇಡಂ,” ಅಂದ.

ಪರದೆಯ ಮೇಲೆ ಅದರ ಸುಳಿವೇ ಇಲ್ಲ. ಕೀಬೋರ್ಡಿನ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಮಾತ್ರ ಬರುತ್ತದೆ. ಸಾಫ್ಟ್‌ವೇರ್ ಬರೆದವರೇ ತಮಾಷೆಗೆ ಬಚ್ಚಿಟ್ಟಿದ್ದರಂತೆ. ಒತ್ತಿದ. ಯಾವ ವಿಮಾನ ಎಂದು ಕೇಳಿತು: ಒಂದು ಯುದ್ಧ ವಿಮಾನ, ಒಂದು ಸಣ್ಣ ಫ್ಯಾನಿನ ವಿಮಾನ. ಮೌನೇಶ ಸಣ್ಣದನ್ನು ಆರಿಸುವಷ್ಟರಲ್ಲಿ ಅಣ್ಣನ ಎಡಗೈ ಎದ್ದು ಯುದ್ಧ ವಿಮಾನದ ಕಡೆ ತೋರಿಸಿತು. ಅದೇ, ಅದೇ. ನಮ್ಮ ನಕ್ಷೆ ಕಣ್ಣೆದುರೇ ಓರೆಯಾಗಿ ಕೆಳಗೆ ಜಾರಿತು. ಜಯನಗರ ನಾಲ್ಕನೇ ಬ್ಲಾಕು ದಾಟಿತೋ ಇಲ್ಲವೋ, ಎಲ್ಲ ತಲೆಕೆಳಗಾಗಿ ನೆಲಕ್ಕೆ ಬಡಿಯಿತು. ಅಪಘಾತವಾಗಿದೆ, ಹಾರಾಟ ಮುಂದುವರಿಸುವಿರಾ ಎಂದು ಯಂತ್ರ ಸಭ್ಯವಾಗಿ ಕೇಳಿತು. ನಮ್ಮ ಊರಿನ ಯಾವ ಗುಂಡಿಯೂ ಬಿದ್ದವರನ್ನು ಇಷ್ಟು ಮರ್ಯಾದೆಯಿಂದ ಕೇಳಿಲ್ಲ.

ಅಣ್ಣ ನಕ್ಕ. ಆಸ್ಪತ್ರೆಯಿಂದ ಬಂದ ಮೇಲೆ ಮೊದಲ ಸಲ. ಬಾಯಿ ಒಂದೇ ಕಡೆ ಏರಿತು.

ಜೂನ್ 18, ಬುಧವಾರ

ಕಂಪ್ಯೂಟರು ನನ್ನದು, ಹಾಳಾಗದ ಹಾಗೆ ನೋಡಿಕೊಳ್ಳಬೇಕು. ಅದಕ್ಕೇ ಕೆಳಗೆ ಹೋದೆ. ಮೂರು ಕೀಲಿ ಒಟ್ಟಿಗೆ ಒತ್ತಲು ಅವನಿಗೆ ಒಂದು ಕೈ ಸಾಲದು. ಅತ್ತಿಗೆಗೆ ಕಂಪ್ಯೂಟರೆಂದರೆ ಕರೆಂಟು ಹೊಡೆಯುವ ವಸ್ತು. ಹಾಗಾಗಿ ಒತ್ತುವ ಕೆಲಸ ನನ್ನ ಪಾಲಿಗೆ ಬಂತು.

ಸಣ್ಣ ವಿಮಾನಕ್ಕೆ ಒಪ್ಪಿಸಿದೆ. ಅವನು ಎಡಗೈಯಲ್ಲಿ ಬಾಣದ ಕೀಲಿ ಹಿಡಿದ. ತುರಹಳ್ಳಿ ಗುಡ್ಡಕ್ಕೆ ಹೋಗಿ ಢಿಕ್ಕಿ. ಮತ್ತೆ ಢಿಕ್ಕಿ. ಸಿಕ್ಕಿದ ಗುಡ್ಡವನ್ನೆಲ್ಲ ಮಟ್ಟ ಮಾಡಿ ಅಭ್ಯಾಸವಾದವನಿಗೆ ಅಡ್ಡ ಬರುವ ಗುಡ್ಡ ಹೊಸ ಅನುಭವ.

ಜೂನ್ 24, ಮಂಗಳವಾರ

ಇವತ್ತಿನದನ್ನು ವಿವರವಾಗಿ ಬರೆಯಬೇಕು.

ನಾಲ್ಕು ಗಂಟೆಗೆ ಎಂದಿನಂತೆ ಹೊರಟೆವು. ಅಣ್ಣ ಈಗ ನೇರವಾಗಿ ಹಾರಬಲ್ಲ. ಮೇಲಿನಿಂದ ನೋಡಿದರೆ ನಮ್ಮ ಊರು ಚೆನ್ನಾಗಿದೆ. ಮೇಲಿನಿಂದ ಫುಟ್‌ಪಾತು ಕಾಣುವುದಿಲ್ಲ, ಅದಕ್ಕೇ. ಕೆಳಗೆ ನಿಂತರೂ ಕಾಣುವುದಿಲ್ಲ, ಆದರೆ ಆಗ ಕಾಲು ಮುರಿಯುತ್ತದೆ.

ಎಡಕ್ಕೆ ಒಂದು ಕೆರೆ ಬಂತು. ಕನ್ನಡಕ ಮೇಲೆಯೇ ಬಿಟ್ಟು ಬಂದಿದ್ದೆ. ಪಾಠ ಹೇಳುವ ಚಟ ಬಿಟ್ಟಿಲ್ಲವಲ್ಲ, ಇದು ಯಡಿಯೂರು ಕೆರೆ ಎಂದೆ.

“ಅಲ್ಲ.”

ಅತ್ತಿಗೆ ಅಕ್ಕಿ ಆರಿಸುತ್ತಿದ್ದವಳು ಮೊರ ಹಿಡಿದೇ ನಿಂತಳು. ನಾನು ಕೇಳಿದ್ದು ನಿಜವೋ ಎಂದು ಅವನ ಮುಖ ನೋಡಿದೆ. ಕೆಂಪಾಗಿತ್ತು. ಕೆಳದವಡೆ ಅಲುಗಾಡುತ್ತಿತ್ತು, ಕಲ್ಲು ಎತ್ತುವವನ ಹಾಗೆ ಉಸಿರು ಕಟ್ಟಿದ್ದ.

“ಸಾ… ಸಾರಕ್ಕಿ.”

ವಿಮಾನ ಕೆರೆಗೇ ಬಿತ್ತು. ಯಾರೂ ನೋಡಲಿಲ್ಲ.

ನಾನು ತಪ್ಪು ಹೇಳಿದ್ದೆ ಎಂಬುದು ಬೇರೆ ವಿಷಯ. ಕನ್ನಡಕ ಇರಲಿಲ್ಲ.

ಜೂನ್ 25, ಬುಧವಾರ

ಪರೀಕ್ಷಿಸಿದೆ. ಕನ್ನಡಕ ಹಾಕಿಕೊಂಡು ಹೋಗಿ ಎಲ್ಲವನ್ನೂ ಸರಿಯಾಗಿ ಹೇಳಿದೆ: ಅದು ರಾಗಿಗುಡ್ಡ, ಅದು ಮೆಟ್ರೋ. ಎಲ್ಲಕ್ಕೂ ಅದೇ. ಆಮೇಲೆ, ಬನಶಂಕರಿ ಗುಡಿ ರಸ್ತೆಯ ಆ ಬದಿಗಿದೆಯಲ್ಲವೇ ಎಂದು ಬೇಕೆಂದೇ ಉಲ್ಟಾ ಹೇಳಿದೆ.

“ಅಲ್ಲ. ಈ… ಈಚೆ.”

ಕಾಗೆ ಬೆಳ್ಳಗಿದ್ದರೆ ಅವನಿಗೇನು? ಆದರೆ ನೆಲದ ವಿಷಯದಲ್ಲಿ ಒಬ್ಬಳು ಹೆಂಗಸು, ಅದೂ ತಂಗಿ, ಅದೂ ಪುಸ್ತಕ ಓದಿದವಳು, ತಪ್ಪು ಹೇಳಿಕೊಂಡು ಕೂತರೆ ಚಿಕ್ಕಬೈರಪ್ಪನ ಮಿದುಳಿನಲ್ಲಿ ಸತ್ತ ನರವೂ ಎದ್ದು ಬರುತ್ತದೆ. ಚೈತ್ರಳಿಗೆ ಫೋನ್ ಮಾಡಿದೆ. ಅವಳು, ಕಾರ್ಡ್ ಪಕ್ಕಕ್ಕಿಡೋಣ ಆಂಟಿ, ನೀವು ದಿನಾ ತಪ್ಪು ಹೇಳಿ ಅಂದಳು.

ದಿನಾ. ತಪ್ಪು. ನಾನು.

ಒಂದು ಬೋರ್ಡಿನಲ್ಲಿ ಇಸವಿ ತಪ್ಪಾಗಿ ಬರೆದದ್ದಕ್ಕೆ ಸರ್ಕಾರಿ ಕಚೇರಿಯೊಂದಕ್ಕೆ ವರ್ಷವಿಡೀ ಪತ್ರ ಬರೆದವಳು ನಾನು.

ಜುಲೈ 4, ಶುಕ್ರವಾರ

ಇಂದು ಆಡಿದ ಸುಳ್ಳುಗಳು: ಜಯನಗರಕ್ಕಿಂತ ಬಿಟಿಎಂ ಬಡಾವಣೆ ಹಳೆಯದು. ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸಿನಲ್ಲಿ ಚಿತ್ರಮಂದಿರ ಯಾವತ್ತೂ ಇರಲಿಲ್ಲ. ನಮ್ಮ ಊರಿನ ರಾಗಿ ಕಣ ಈಗಿನ ಸೂಪರ್ ಮಾರ್ಕೆಟ್ಟಿನ ಜಾಗದಲ್ಲಿತ್ತು. ಒಂದೊಂದಕ್ಕೂ ನನ್ನ ನಾಲಿಗೆ ಕಹಿಯಾಯಿತು.

ಬಂದ ಮಾತುಗಳು: ಅಲ್ಲ. ಇತ್ತು. ಸುಳ್ಳು. ಕಣ… ಹಿಂದೆ… ಹಿಂದ್ಗಡೆ. ಕೊನೆಗೆ ನನ್ನನ್ನು ನೋಡಿ, “ದಡ್ಡಿ.”

ಅತ್ತಿಗೆ ಅತ್ತಳು. ದಡ್ಡಿ ಅಂದ್ರು ಕಣಮ್ಮಾ, ಬಾಯ್ತುಂಬಾ ಅಂದ್ರು ಎಂದು ಬೀದಿಗೆಲ್ಲ ಹೇಳಿಕೊಂಡು ಬಂದಳು. ಅಂಗಡಿ ಬೀದಿಯಲ್ಲಿ ಈಗ ಎಲ್ಲರಿಗೂ ನಾನು ದಡ್ಡಿ ಎಂಬ ಶುಭಸುದ್ದಿ ತಲುಪಿದೆ.

ಪತ್ರಿಕೆಗೆ ಬರೆಯಬೇಕಿದ್ದ ಸುರಂಗ ರಸ್ತೆ ಯೋಜನೆಯ ಬಗೆಗಿನ ಪತ್ರ ಹಾಗೇ ಇದೆ. ನಾಳೆ ಬರೆಯುತ್ತೇನೆ. ನಾಳೆ ಬೆಳಗ್ಗೆ ಹೊಸ ತಪ್ಪುಗಳನ್ನೂ ಹುಡುಕಬೇಕು. ತಪ್ಪು ನಂಬುವಂತಿರಬೇಕು, ಇಲ್ಲದಿದ್ದರೆ ಅವನು ಮತ್ತೆ ಅದೇ ಅನ್ನುತ್ತಾನೆ. ಸರಿಯಾದದ್ದನ್ನು ಕಲಿಯಲು ನನಗೆ ಇಷ್ಟು ಕಷ್ಟವಾಗಿರಲಿಲ್ಲ.

ಜುಲೈ 10, ಗುರುವಾರ

ಹೊಲಗಳ ಹೆಸರುಗಳು ಬರುತ್ತಿವೆ. ಕನಕಪುರ ರಸ್ತೆಯ ಮೇಲೆ ದಕ್ಷಿಣಕ್ಕೆ ಹಾರುವಾಗ ಕೆಳಗೆ ಒಂದೇ ಬಣ್ಣದ ತಾರಸಿಗಳು, ಕಪ್ಪು ನೀರಿನ ಟ್ಯಾಂಕುಗಳು. ಅವನಿಗೆ ಮಾತ್ರ ತಾರಸಿ ಕಾಣುವುದೇ ಇಲ್ಲ. ಇದು ಹುಣಸೆ ಹೊಲ ಅಲ್ಲವಾ ಅಂದರೆ, ಅಲ್ಲ, ಬಂಡೆ ಹೊಲ. ಇದು ಬಂಡೆ ಹೊಲವಾ ಅಂದರೆ, ಅಲ್ಲ, ಜಾಲಿಗುಂಟೆ. ಮಗ ರೇವಂತನ ಹೆಸರು ಇನ್ನೂ ನಾಲಿಗೆಗೆ ಸಿಕ್ಕಿಲ್ಲ. ಮಾರಿದ ಹೊಲಗಳು ಒಂದೂ ತಪ್ಪದೆ ಸಾಲಾಗಿ ಬರುತ್ತಿವೆ. ಮಾರಿದವನ ಬಾಯಲ್ಲಿ ಇಷ್ಟು ಅಕ್ಕರೆಯಿಂದ ಅವು ಬರುವುದನ್ನು ಕೇಳಲು ಒಂದು ಥರ ಸಿಟ್ಟು ಬರುತ್ತದೆ.

ಇನ್ನೂ ಸ್ವಲ್ಪ ಮುಂದೆ ಹೋದರೆ ತೂಬಿನ ಗದ್ದೆ. ವಿಮಾನವನ್ನು ತಿರುಗಿಸು, ಅಲ್ಲಿ ಹಾರುವುದು ನಿಷೇಧ ಎಂದೆ.

“ಸುಳ್ಳು,” ಅಂದ. ಆದರೂ ತಿರುಗಿಸಿದ.

ಜಗಳಕ್ಕೆ ಅವನು ಇನ್ನೂ ತಯಾರಿಲ್ಲ. ಅರ್ಧ ಮಾತಿನವನ ಮೇಲೆ ಬೀಳುವುದು ನ್ಯಾಯವಲ್ಲ. ಕಾರಣ ಇಷ್ಟೇ.

ಜುಲೈ 13, ಭಾನುವಾರ

ಜ್ವರ. ಹಾರಾಟವಿಲ್ಲ.

ಜುಲೈ 14, ಸೋಮವಾರ

ಆಸ್ಪತ್ರೆಗೆ ಸೇರಿಸಿದರು. ಎದೆಯಲ್ಲಿ ಸೋಂಕು. ಅಣ್ಣಾ ಎಂದು ಕರೆದೆ. ಯಡಿಯೂರು ಕೆರೆ ಅಂದೆ. ಸಾರಕ್ಕಿ ಕೆರೆಯನ್ನು ಯಡಿಯೂರು ಕೆರೆ ಎಂದು ಕಿವಿಯ ಹತ್ತಿರ ಮೂರು ನಾಲ್ಕು ಸಲ ಹೇಳಿದೆ. ನರ್ಸ್ ನನ್ನನ್ನು ವಿಚಿತ್ರವಾಗಿ ನೋಡಿದಳು.

“ಅದೇ,” ಅಂದ.

ಜುಲೈ 16, ಬುಧವಾರ

ಅದೇ.

ಜುಲೈ 22, ಮಂಗಳವಾರ

ಮನೆಗೆ ಬಂದ. ಸೊರಗಿದ್ದಾನೆ. ಆಂಬ್ಯುಲೆನ್ಸ್ ಈ ಸಲ ಬಾಗಿಲವರೆಗೂ ಬಂತು, ಗುಂಡಿಗೆ ನಾನೇ ನಿಂತು ಮಣ್ಣು ಹಾಕಿಸಿದ್ದೆ. ಪಾಲಿಕೆಗೆ ದೂರು ಬರೆಯಲು ಪುರಸೊತ್ತಿರಲಿಲ್ಲ.

ಅತ್ತಿಗೆಗೆ ಧೈರ್ಯ ಹೋಗಿದೆ. ಎಲ್ಲ ಮೊದಲಿಂದ ಶುರು ಮಾಡಬೇಕಾಗುತ್ತದೆ ಎಂದು ಚೈತ್ರಳೂ ಹೇಳಿದಳು. ಸಂಜೆ ನಾನೇ ಕಂಪ್ಯೂಟರ್ ಹಾಕಿ ಮೂರು ಕೀಲಿ ಒತ್ತಿದೆ. ಅವನು ಕೈ ಎತ್ತಲಿಲ್ಲ. ನಾನೇ ಓಡಿಸಿದೆ. ಇಷ್ಟು ದಿನ ಪಕ್ಕದಲ್ಲಿ ಕೂತು ಆಜ್ಞೆ ಕೊಟ್ಟವಳಿಗೆ ಓಡಿಸುವುದು ಎಷ್ಟು ಕಷ್ಟ ಎಂದು ಗೊತ್ತಿರಲಿಲ್ಲ. ವಿಮಾನ ಕುಡುಕನ ಹಾಗೆ ಓಲಾಡಿತು. ಸುಮ್ಮನೆ ಬಾಯಿಗೆ ಬಂದದ್ದನ್ನು ಹೇಳುತ್ತ ಹೋದೆ: ಬಂಡೆ ಹೊಲವನ್ನು ಹುಣಸೆ ಹೊಲವೆಂದೆ, ಜಾಲಿಗುಂಟೆಯನ್ನು ತೋಪೆಂದೆ. ಒಂದಕ್ಕೂ ಉತ್ತರವಿಲ್ಲ. ತುರಹಳ್ಳಿ ಗುಡ್ಡಕ್ಕೆ ಬಡಿದೆ.

ಎಡಗೈ ನಿಧಾನಕ್ಕೆ ಬಂದು ನನ್ನ ಬೆರಳುಗಳನ್ನು ಕೀಲಿಯಿಂದ ತಳ್ಳಿತು.

ನನಗೆ ಓಡಿಸಲು ಬರುವುದಿಲ್ಲ ಎಂಬುದರಿಂದ ಇಷ್ಟು ಸಂತೋಷವಾಗಬಹುದೆಂದು ತಿಳಿದಿರಲಿಲ್ಲ. ಜಗಳದ ದೃಷ್ಟಿಯಿಂದ.

ಜುಲೈ 28, ಸೋಮವಾರ

ಕಳೆದುಹೋದವೆಲ್ಲ ಹಿಂದಿರುಗಿವೆ, ಮೊದಲಿಗಿಂತ ಬೇಗ. ಎರಡೆರಡು ಮಾತು ಜೋಡಿಸುತ್ತಾನೆ. ಇವತ್ತು ಅತ್ತಿಗೆಗೆ “ಸಾರು ಉಪ್ಪು” ಅಂದ. ಹೆಂಡತಿಯ ಅಡುಗೆಯಲ್ಲಿ ತಪ್ಪು ಹುಡುಕಿದ ಮೇಲೆ ಕಾಯಿಲೆ ಅರ್ಧ ವಾಸಿ ಎಂದೇ ತಿಳಿಯಬೇಕು. ಆದರೆ ಚೈತ್ರ ಇನ್ನೊಂದು ಮಾತು ಹೇಳಿದಳು. ಇವೆಲ್ಲ ನೀವು ಎಳೆದು ತೆಗೆದ ಮಾತುಗಳು ಆಂಟಿ, ಯಾರೂ ಕೆಣಕದೆ ಅಂಕಲ್ ತಾವಾಗಿ ಒಂದು ಮಾತು ಆಡಿದ ದಿನ ನಾನು ಬರೋದು ಕಡಿಮೆ ಮಾಡ್ತೀನಿ, ಅಂದಳು.

ಪತ್ರಿಕೆಯಲ್ಲಿ ಸುರಂಗ ರಸ್ತೆಯ ಬಗ್ಗೆ ಯಾರೋ ಬರೆದಿದ್ದಾರೆ. ಎರಡು ತಪ್ಪುಗಳಿವೆ. ಇರಲಿ, ಯಾರಿಗಾದರೂ ಉಪಯೋಗವಾದೀತು.

ಆಗಸ್ಟ್ 2, ಶನಿವಾರ

ಅವನೇ ಓಡಿಸಿದ. ಬನಶಂಕರಿ ದಾಟಿ, ಕನಕಪುರ ರಸ್ತೆ ಹಿಡಿದು, ನಾನು ತಿರುಗು ಎನ್ನುವ ಜಾಗವನ್ನೂ ದಾಟಿದ. ನಿಷೇಧ ಅಂದೆ. ಕೇಳಿಸದವನಂತೆ ಕೂತ. ಅಂಜನಾಪುರ ಬಂತು. ಸೈಟುಗಳ ಚೌಕುಳಿ, ಅದರಾಚೆ ಅರ್ಧ ಉಳಿದ ಕೆರೆ, ಏರಿಯ ಕೆಳಗೆ ಆರು ಗೋಪುರಗಳ ಆ ಕಟ್ಟಡ. ಮಧ್ಯದಲ್ಲಿ ಈಜುಕೊಳ, ಬೊಟ್ಟಿನಷ್ಟು ನೀಲಿ.

ಅವನು ಅದರ ಸುತ್ತ ತಿರುಗತೊಡಗಿದ, ಹದ್ದಿನ ಹಾಗೆ. ಒಂದು ಸುತ್ತು, ಇನ್ನೊಂದು ಸುತ್ತು. ನನ್ನ ತಪ್ಪಿಗೆ ಕಾಯುತ್ತಿದ್ದಾನೆಂದು ಗೊತ್ತಾಯಿತು. ಇದು ಜಾಲಿಗುಂಟೆ ಅಲ್ಲವಾ ಎಂದರೆ ಸಾಕಿತ್ತು. ಅಲ್ಲ, ತೂಬಿನ ಗದ್ದೆ ಎನ್ನುತ್ತಿದ್ದ. ಚೈತ್ರಳ ಪುಸ್ತಕದಲ್ಲಿ ಇನ್ನೊಂದು ಅಂಕ ಬೀಳುತ್ತಿತ್ತು.

ಹಾಗೆನ್ನಲು ಬಾಯಿ ಬರಲಿಲ್ಲ. ಆ ಗದ್ದೆಯ ಬದುವಿನ ಮೇಲೆ ಅವ್ವನ ಹಿಂದೆ ಬುತ್ತಿ ಹಿಡಿದು ನಡೆದಿದ್ದೇನೆ. ಉಳಿದೆಲ್ಲಕ್ಕೂ ಸುಳ್ಳು ಹೇಳಿದೆ, ಇದೊಂದಕ್ಕೆ ಆಗಲಿಲ್ಲ.

ಅತ್ತಿಗೆ ಒಳಗೆ ಒಗ್ಗರಣೆ ಹಾಕುತ್ತಿದ್ದಳು. ವಿಮಾನ ಸುತ್ತುತ್ತಲೇ ಇತ್ತು. ನಾನು ಏನೂ ಕೇಳಲಿಲ್ಲ, ಏನೂ ಹೇಳಲಿಲ್ಲ.

“ಮಾರ್ದೆ,” ಅಂದ ಅಣ್ಣ.

ಪರದೆಯನ್ನೇ ನೋಡುತ್ತಿದ್ದ. ಹಣೆಯ ಮೇಲೆ ಬೆವರು.

“ಮಾರ್ದೆ. ಏನೀಗ? ನೀನ್… ನೀನ್ ಬಂದು ಉಳ್ತಿದ್ಯಾ?”

ಕೈ ಕೀಲಿಯ ಮೇಲಿಂದ ಜಾರಿತ್ತು. ವಿಮಾನ ಈಜುಕೊಳದ ಪಕ್ಕದಲ್ಲಿ ನೆಲಕ್ಕೆ ಬಿತ್ತು. ಮುಂದುವರಿಸುವಿರಾ ಎಂದು ಯಂತ್ರ ಕೇಳಿತು.

ಹನ್ನೊಂದು ವರ್ಷದಿಂದ ಇದಕ್ಕೆ ಉತ್ತರ ಸಿದ್ಧವಿತ್ತು. ಮೂರು ಭಾಗ, ಉಪಸಂಹಾರ ಸಮೇತ. ಒಂದಕ್ಷರವೂ ನೆನಪಾಗಲಿಲ್ಲ. ಎದ್ದು ಅಡುಗೆಮನೆಗೆ ಓಡಿ ಅತ್ತಿಗೆಯ ಕೈಯಿಂದ ಸೌಟು ಕಿತ್ತುಕೊಂಡು, ಬಾ, ಬೈತಿದ್ದಾನೆ, ತಾನಾಗೇ ಬೈತಿದ್ದಾನೆ, ಬೇಗ ಬಾ ಎಂದು ಎಳೆದುಕೊಂಡು ಬಂದೆ. ಒಗ್ಗರಣೆ ಸೀದುಹೋಯಿತು.

ಆಗಸ್ಟ್ 3, ಭಾನುವಾರ

ರಾತ್ರಿ ಮಲಗಿದ ಮೇಲೆ ಉತ್ತರಗಳೆಲ್ಲ ನೆನಪಾದವು. ಬೆಳಗ್ಗೆ ಕಾಫಿಗೆ ಮೊದಲೇ ಕೆಳಗಿಳಿದು, ಮೂರೂ ಭಾಗಗಳನ್ನು ಹೇಳಿದೆ. ಉಳುವವಳಲ್ಲದಿದ್ದರೆ ಹೇಳುವ ಹಕ್ಕೂ ಇಲ್ಲವಾ ಅಂದೆ. ಹೋರ್ಡಿಂಗಿನ ವಿಷಯವನ್ನೂ ಅಂದೆ. ಅವನು ನಡುನಡುವೆ ತಡವರಿಸಿದ, ಉಸಿರು ಎಳೆದುಕೊಂಡ. ಆದರೆ ಒಂದಕ್ಕೂ ಅದೇ ಅನ್ನಲಿಲ್ಲ. ನೀನು ಓದ್ಕೊಂಡು ಹೋದೆ, ಗದ್ದೇಲಿ ನಾನಿದ್ದೆ ಎಂಬರ್ಥದ ಮಾತನ್ನು ನಾಲ್ಕು ಕಂತಿನಲ್ಲಿ ಹೇಳಿದ. ಅದರಲ್ಲಿ ಸ್ವಲ್ಪ ನಿಜವೂ ಇದೆ, ಬಹಳ ಅಲ್ಲ. ಅವನ ಅಹಂಕಾರಕ್ಕೆ ಸ್ಟ್ರೋಕ್ ಒಂದಿಷ್ಟೂ ತಗುಲಿಲ್ಲ. ನಾನು ಬಾಗಿಲು ಬಡಿದು ಮೇಲೆ ಬಂದೆ.

ಹತ್ತು ಗಂಟೆಗೆ ಅತ್ತಿಗೆ ಮೆಟ್ಟಿಲು ಹತ್ತಿ ಬಂದಳು. ಮುಖ ಊದಿಸಿಕೊಂಡಂತಿದ್ದಳು, ಆದರೆ ನಗು ತಡೆಯುತ್ತಿದ್ದಾಳೆಂದು ಗೊತ್ತಾಯಿತು.

“ನಿಮ್ಮಣ್ಣ ಇನ್ಮೇಲೆ ನಿನ್ನ ಜೊತೆ ಮಾತಾಡಲ್ವಂತೆ.”

ಅವನೇ ಹೇಳಿದನಾ ಎಂದು ಕೇಳಿದೆ. ಅವನೇ, ಪೂರ್ತಿ, ಒಂದೇ ಉಸಿರಿನಲ್ಲಿ ಅಂದಳು. ಮಾತು ಬಿಡುವುದಕ್ಕೆ ಬೇಕಾದಷ್ಟು ಮಾತು ಅವನಲ್ಲಿ ಈಗ ಇದೆ. ಹಾಗೇ ಆಗಲಿ, ನನಗೂ ಬೇಕಾಗಿಲ್ಲ ಎಂದು ಹೇಳಿ ಕಳಿಸಿದೆ.

ಅವಳು ಹೋಗಲಿಲ್ಲ. ಇನ್ನೊಂದು ಸುದ್ದಿ ಇತ್ತು. ನಾಲ್ಕು ಗಂಟೆಗೆ ಕೀಲಿ ಒತ್ತಲು ಬರಬೇಕಂತೆ. ಕುರ್ಚಿ ಹಾಕಿಟ್ಟಿರುತ್ತಾನಂತೆ. ಮಾತಾಡುವುದಿಲ್ಲ, ಅದು ಬೇರೆ.